ಚಿಗುರಿನ ಬೆನ್ನಿಗೇ ಬರುವ ಕೀಟಗಳು

ಮಾಘದ ಚಳಿ ಇಳಿದು ಬಿಸಿಲು ಏರತೊಡಗಿದಾಗ ಗಿಡಮರಗಳಲ್ಲಿ ಚಿಗುರು, ಮೊಗ್ಗು, ಹೂಗೊಂಚಲುಗಳು ಒಟ್ಟೊಟ್ಟಿಗೆ ಮೂಡುತ್ತವೆ. ಎಳೆಯ ಚಿಗುರಿನ ಸಿಪ್ಪೆ ತೆಳು. ಅದರ ರಸದಲ್ಲಿ ಕೀಟಗಳ ಬೆಳವಣಿಗೆಗೆ ಬೇಕಾದ ಅಮೈನೋ ಆಮ್ಲಗಳು ಬಲಿತ ಎಲೆಯ ರಸಕ್ಕಿಂತ ಹೆಚ್ಚು. ಕೀಟಗಳಿಗೆ ತಮ್ಮದೇ ಮೈಬಿಸಿ ಇಲ್ಲದ್ದರಿಂದ ಹವೆ ಬೆಚ್ಚಗಾದಂತೆಲ್ಲ ಅವು ಬೇಗ ಬೆಳೆದು ಬೇಗ ಮರಿ ಮಾಡುತ್ತವೆ. ಮೆತ್ತನೆಯ ಆಹಾರ ಮತ್ತು ಬೆಚ್ಚನೆಯ ಹವೆ ಕೂಡಿಬರುವ ಜನವರಿ ಕೊನೆಯಿಂದ ಏಪ್ರಿಲ್‌ವರೆಗಿನ ಕಾಲ ಕರ್ನಾಟಕದ ತೋಟಗಳಲ್ಲಿ ರಸ ಹೀರುವ ಕೀಟಗಳ ಸುಗ್ಗಿ.

ಎಲೆ ಕತ್ತರಿಸಿ ತಿನ್ನುವ ಹುಳು ತೂತು ಬಿಟ್ಟು ಹೋಗುತ್ತದೆ, ಕಣ್ಣಿಗೂ ಬೀಳುತ್ತದೆ. ರಸ ಹೀರುವ ಕೀಟಗಳು ಹಾಗಲ್ಲ. ಹೆಚ್ಚಿನವು ಸಾಸಿವೆ ಕಾಳಿನಿಂದ ಅಕ್ಕಿ ಕಾಳಿನವರೆಗಿನ ಗಾತ್ರದವು. ಎಲೆಯ ಅಡಿಯಲ್ಲಿ, ಮೊಗ್ಗಿನ ಸಂದಿಯಲ್ಲಿ ಇರುತ್ತವೆ. ಆದ್ದರಿಂದ ಇಲ್ಲಿ ಮೊದಲು ಓದಬೇಕಾದದ್ದು ಗಿಡದ ಮೇಲೆ ಬಿದ್ದ ಗುರುತುಗಳನ್ನು. ಎಲೆ ಅಂಟಂಟಾಗಿದೆಯೇ, ಮೇಲಕ್ಕೆ ಮಡಚಿದೆಯೇ ಅಥವಾ ಕೆಳಕ್ಕೆ, ಗಿಡದ ಮೇಲೆ ಇರುವೆ ಸಾಲು ಹತ್ತುತ್ತಿದೆಯೇ ಎಂಬುದನ್ನು ನೋಡಿದರೆ ಅಪರಾಧಿ ಯಾರೆಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಮಾವಿನ ಜಿಗಿಹುಳು

ಮಾವು ಹೂ ಬಿಡುವ ಹೊತ್ತಿನ ಮುಖ್ಯ ಶತ್ರು ಜಿಗಿಹುಳು. ಮುಂದೆ ಅಗಲ, ಹಿಂದೆ ಚೂಪಾದ, ಮರದ ಬೆಣೆಯಂಥ ಮೈ; ಉದ್ದ ಸುಮಾರು 3ರಿಂದ 5 ಮಿಲಿಮೀಟರ್; ಬಣ್ಣ ಬೂದು ಮಿಶ್ರಿತ ಕಂದು. ಹೂ ಇಲ್ಲದ ತಿಂಗಳುಗಳನ್ನು ಇದು ಕಾಂಡದ ತೊಗಟೆಯ ಬಿರುಕುಗಳಲ್ಲಿ ಕಳೆಯುತ್ತದೆ. ಹೂಗೊಂಚಲು ಹೊರಟೊಡನೆ ಹೆಣ್ಣು ಕೀಟ ಮೊಗ್ಗು, ಹೂದಂಟು ಮತ್ತು ಎಳೆಯ ಎಲೆಗಳ ಒಳಗೆ ಮೊಟ್ಟೆ ತೂರಿಸುತ್ತದೆ. ಮರಿಗಳೂ ದೊಡ್ಡವೂ ಸೇರಿ ರಸ ಹೀರಿದಾಗ ಹೂ ಬಾಡಿ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಹಾವಳಿ ಹೆಚ್ಚಿರುವ ತೋಪಿನಲ್ಲಿ ಕೊಂಬೆ ಅಲುಗಿಸಿದರೆ ನೂರಾರು ಹುಳುಗಳು ಒಮ್ಮೆಗೇ ಚಿಮ್ಮಿ, ಎಲೆಗಳಿಗೆ ತಾಗುವ ಚಟಪಟ ಸದ್ದು ಕೇಳಿಸುತ್ತದೆ.

ಎರಡನೆಯ ಗುರುತು ಅಂಟು. ಗಿಡದ ರಸದಲ್ಲಿ ಸಕ್ಕರೆ ಬಹಳ, ಪೋಷಕ ಸಾರಜನಕ ಕಡಿಮೆ. ಸಾಕಷ್ಟು ಸಾರಜನಕ ಸಿಗಬೇಕಾದರೆ ಕೀಟ ಅಳತೆ ಮೀರಿ ಕುಡಿಯಬೇಕು, ಮಿಕ್ಕ ಸಕ್ಕರೆಯನ್ನು ಹೊರಹಾಕಬೇಕು. ಹೀಗೆ ಬಿದ್ದ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆ ಮಸಿ ಬಳಿದಂತಾಗುತ್ತದೆ. ಬೂಷ್ಟು ಎಲೆಯ ಒಳಗೆ ಇಳಿಯುವುದಿಲ್ಲ. ಆದರೂ ಬಿಸಿಲನ್ನು ತಡೆದು ಎಲೆಯ ಆಹಾರ ತಯಾರಿಕೆಯನ್ನು ಕುಗ್ಗಿಸುತ್ತದೆ. ಹೂಗೊಂಚಲಿನ ಮೇಲೆ ಕಾಣುವ ಬಿಳಿ ಪುಡಿಯನ್ನು ಇದರೊಂದಿಗೆ ಬೆರೆಸಬಾರದು. ಅದು ಬೂದಿ ರೋಗ, ಶಿಲೀಂಧ್ರದಿಂದ ಬರುವಂಥದ್ದು. ಕೀಟನಾಶಕಕ್ಕೆ ಅದು ಬಗ್ಗುವುದಿಲ್ಲ.

ಹೇನು

ಅವರೆ, ಅಲಸಂದೆ, ಬದನೆ, ದಾಸವಾಳ, ಗುಲಾಬಿಗಳ ಕುಡಿಯಲ್ಲಿ ಒತ್ತೊತ್ತಾಗಿ ಕೂರುವ ಕಪ್ಪು ಅಥವಾ ಹಸಿರು ಚುಕ್ಕೆಗಳೇ ಸಸ್ಯಹೇನುಗಳು. ಭೂತಗನ್ನಡಿಯಲ್ಲಿ ನೋಡಿದರೆ ಪೇರಲೆಯಾಕಾರದ ಮೆತ್ತನೆಯ ಮೈ, ಹಿಂಭಾಗದಲ್ಲಿ ಎರಡು ಪುಟ್ಟ ಕೊಳವೆಗಳು ಕಾಣುತ್ತವೆ. ಈ ಕೊಳವೆ ಜೋಡಿ ಹೇನಿನ ಖಚಿತ ಗುರುತು. ಕೆಳಗಿನ ಎಲೆಗಳ ಮೇಲೆ ರವೆ ಚೆಲ್ಲಿದಂತೆ ಬಿಳಿ ಸಿಪ್ಪೆಗಳು ಬಿದ್ದಿದ್ದರೆ ಅವು ಮರಿಗಳು ಬೆಳೆಯುತ್ತ ಕಳಚಿದ ಪೊರೆಗಳು.

ಹೇನು ಇಷ್ಟು ಬೇಗ ಹೆಚ್ಚುವುದಕ್ಕೆ ಅದರ ಸಂತಾನದ ರೀತಿಯೇ ಕಾರಣ. ಬೆಚ್ಚನೆಯ ನಾಡುಗಳಲ್ಲಿ ಹೆಣ್ಣು ಹೇನು ಗಂಡಿನ ನೆರವಿಲ್ಲದೆ, ಮೊಟ್ಟೆಯನ್ನೂ ಇಡದೆ, ನೇರವಾಗಿ ಹೆಣ್ಣು ಮರಿಗಳನ್ನೇ ಹೆರುತ್ತದೆ. ಹುಟ್ಟುವ ಮರಿಯ ಹೊಟ್ಟೆಯಲ್ಲಿ ಆಗಲೇ ಮುಂದಿನ ಪೀಳಿಗೆಯ ಭ್ರೂಣ ಬೆಳೆಯುತ್ತಿರುತ್ತದೆ. ಹದವಾದ ಹವೆಯಲ್ಲಿ ಸುಮಾರು ಒಂದು ವಾರದಲ್ಲಿ ಆ ಮರಿಯೂ ತಾಯಿಯಾಗುತ್ತದೆ. ಕುಡಿಯಲ್ಲಿ ಜಾಗ ಸಾಲದಾದಾಗ ರೆಕ್ಕೆಯುಳ್ಳ ಹೇನುಗಳು ಹುಟ್ಟಿ ಪಕ್ಕದ ಗಿಡಕ್ಕೆ ಹಾರುತ್ತವೆ, ಹೋಗುವಾಗ ನಂಜುರೋಗದ ವೈರಸ್‌ಗಳನ್ನೂ ಹೊತ್ತೊಯ್ಯುತ್ತವೆ. ಯೂರಿಯಾ ಹೆಚ್ಚು ಹಾಕಿದ ಗಿಡದಲ್ಲಿ ಹೇನು ಹೆಚ್ಚು. ಸಾರಜನಕ ತುಂಬಿದ ಮೆತ್ತನೆಯ ಚಿಗುರೇ ಅವುಗಳಿಗೆ ಬೇಕಾದದ್ದು.

ಒಂದೇ ಹೆಸರಿನ ಎರಡು ಜೀವಿಗಳು

ಮೆಣಸಿನಕಾಯಿ ಬೆಳೆಯುವಲ್ಲಿ ‘ನುಸಿ’ ಎಂಬ ಮಾತು ಎರಡು ಬೇರೆ ಜೀವಿಗಳಿಗೆ ಸಲ್ಲುತ್ತದೆ. ಒಂದು ಥ್ರಿಪ್ಸ್ ನುಸಿ, ಇನ್ನೊಂದು ಮೈಟ್ ನುಸಿ. ಥ್ರಿಪ್ಸ್ ಆರು ಕಾಲಿನ ಕೀಟ. ಒಂದೆರಡು ಮಿಲಿಮೀಟರ್ ಉದ್ದದ ಕಡ್ಡಿಯಂಥ ಮೈ, ರೆಕ್ಕೆಗಳ ಅಂಚಿಗೆ ಕೂದಲಿನ ಝಾಲರಿ. ಅದರ ಬಾಯಲ್ಲಿ ಎಡದವಡೆ ಮಾತ್ರ ಬೆಳೆದಿರುತ್ತದೆ. ಅದರಿಂದ ಎಲೆಯ ಮೇಲ್ಪದರವನ್ನು ಚುಚ್ಚಿ ಒಸರುವ ರಸವನ್ನು ಹೀರುತ್ತದೆ. ಮೈಟ್ ಕೀಟವೇ ಅಲ್ಲ. ಎಂಟು ಕಾಲಿನ, ಜೇಡದ ಬಳಗಕ್ಕೆ ಸೇರಿದ ಜೀವಿ.

ಎರಡೂ ಎಲೆಯನ್ನು ಮುರುಟಿಸುತ್ತವೆ, ಆದರೆ ಮುರುಟುವ ದಿಕ್ಕು ಬೇರೆ. ಥ್ರಿಪ್ಸ್ ತಾಗಿದ ಮೆಣಸಿನ ಎಲೆ ಅಂಚಿನಿಂದ ಮೇಲಕ್ಕೆ ಮಡಚಿ ದೋಣಿಯಾಗುತ್ತದೆ. ಮೈಟ್ ತಾಗಿದ ಎಲೆ ಕೆಳಕ್ಕೆ ಮಡಚಿ, ದೋಣಿಯನ್ನು ಬೋರಲು ಹಾಕಿದಂತೆ ಕಾಣುತ್ತದೆ, ತೊಟ್ಟು ಉದ್ದವಾಗುತ್ತದೆ. ಈ ವ್ಯತ್ಯಾಸ ತಿಳಿಯದೆ ಹೊಡೆದ ಔಷಧಿ ಹಲವು ಬಾರಿ ವ್ಯರ್ಥವಾಗುತ್ತದೆ, ಏಕೆಂದರೆ ಬಹುಪಾಲು ಕೀಟನಾಶಕಗಳು ಮೈಟ್‌ಗೆ ನಾಟುವುದಿಲ್ಲ. ಅನುಮಾನವಿದ್ದಾಗ ಕುಡಿಯ ಕೆಳಗೆ ಬಿಳಿ ಕಾಗದ ಹಿಡಿದು ಎರಡು ಬಾರಿ ತಟ್ಟಿದರೆ ಸಾಕು, ಥ್ರಿಪ್ಸ್ ಕಾಗದದ ಮೇಲೆ ಬಿದ್ದು ಸರಸರ ಓಡುತ್ತದೆ.

ಗುಲಾಬಿಯಲ್ಲಿ ಥ್ರಿಪ್ಸ್ ಮೊಗ್ಗಿನೊಳಗೇ ಸೇರಿಕೊಳ್ಳುತ್ತದೆ. ಎಸಳಿನ ಅಂಚು ಸುಟ್ಟಂತೆ ಕಂದಾಗಿ, ಮೊಗ್ಗು ಪೂರ್ತಿ ಅರಳದೆ ಉಳಿಯುತ್ತದೆ. ಹೊರಗಿನಿಂದ ಬಂದ ಥ್ರಿಪ್ಸ್ ಪರ್ವಿಸ್ಪೈನಸ್ ಎಂಬ ಜಾತಿ ಭಾರತದಲ್ಲಿ ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡಗಳಲ್ಲಿ. 2021ರಲ್ಲಿ ಅದು ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನಕಾಯಿ ಹೊಲಗಳಿಗೆ ಹಬ್ಬಿ ಹೂಗಳನ್ನೇ ಉದುರಿಸಿತು. ಔಷಧಿ ಹೆಚ್ಚಿಸಿದರೂ ಅದು ಹಲವೆಡೆ ಹತೋಟಿಗೆ ಬರಲಿಲ್ಲ.

ಹಿಟ್ಟು ತಿಗಣೆ

ದಾಸವಾಳದ ಕುಡಿ ಮುದುಡಿ ಗಂಟಾಗಿ, ಸಂದಿಯಲ್ಲಿ ಹತ್ತಿ ತುರುಕಿದಂತೆ ಬೆಳ್ಳಗೆ ಕಂಡರೆ ಅದು ಹಿಟ್ಟು ತಿಗಣೆ. ಬಿಳಿ ಪುಡಿ ಅದರ ಮೈಯಿಂದ ಸ್ರವಿಸುವ ಮೇಣ. ಬೆರಳಲ್ಲಿ ಹಿಸುಕಿದಾಗ ಕೆಂಪು ಛಾಯೆಯ ರಸ ಬಂದರೆ ದಾಸವಾಳದ ಗುಲಾಬಿ ಹಿಟ್ಟು ತಿಗಣೆ ಎಂದು ತಿಳಿಯಬಹುದು. ಇದೇ ಕೀಟ ಹಿಪ್ಪುನೇರಳೆಯ ಕುಡಿಯನ್ನು ಮುರುಟಿಸಿದಾಗ ರೇಷ್ಮೆ ಬೆಳೆಗಾರರು ಅದನ್ನು ‘ತುಕ್ರಾ’ ಎನ್ನುತ್ತಾರೆ. ಮೇಣದ ಹೊದಿಕೆಯ ಮೇಲೆ ನೀರು ನಿಲ್ಲದ ಕಾರಣ ಸಿಂಪಡಿಸಿದ ದ್ರಾವಣ ಜಾರಿಹೋಗುತ್ತದೆ. ಹೆಣ್ಣು ತಿಗಣೆ ಹತ್ತಿಯಂಥ ಚೀಲದೊಳಗೆ ನೂರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ಮೊದಲು ಕಂಡ ಗಂಟುಕುಡಿಯನ್ನೇ ಕತ್ತರಿಸಿ ಸುಡುವುದು ಅಗ್ಗದ ಉಪಾಯ, ಪರಿಣಾಮಕಾರಿಯೂ ಹೌದು.

ಅಂಟು ಸುರಿಸುವ ಹೇನು, ತಿಗಣೆಗಳ ಜೊತೆಗೆ ಇರುವೆಗಳೂ ಇರುತ್ತವೆ. ಇರುವೆ ಅಂಟನ್ನು ನೆಕ್ಕುತ್ತದೆ, ಪ್ರತಿಯಾಗಿ ಶತ್ರುಗಳನ್ನು ಅಟ್ಟುತ್ತದೆ. ಗಿಡದ ಬುಡದಿಂದ ಕುಡಿಯತ್ತ ಇರುವೆ ಸಾಲು ಹೊರಟಿದ್ದರೆ ಅದನ್ನು ಹಿಂಬಾಲಿಸಿದರಾಯಿತು, ಕೀಟದ ಠಾವು ಸಿಗುತ್ತದೆ. ಇರುವೆ ಹತ್ತದಂತೆ ಕಾಂಡಕ್ಕೆ ಅಂಟಿನ ಪಟ್ಟಿ ಕಟ್ಟಿದರೆ ತಿಗಣೆಯ ಶತ್ರುಗಳಿಗೆ ದಾರಿ ಸುಗಮವಾಗುತ್ತದೆ.

ಗೇರಿನ ಟೀ ಸೊಳ್ಳೆ

ಕರಾವಳಿಯ ಗೇರು ತೋಟಗಳಲ್ಲಿ ಚಿಗುರು ಮತ್ತು ಹೂಗೊಂಚಲು ಬೆಂಕಿ ತಾಗಿದಂತೆ ಒಣಗುವುದಕ್ಕೆ ಟೀ ಸೊಳ್ಳೆ ಕಾರಣ. ಸೊಳ್ಳೆ ಎಂಬ ಹೆಸರಿದ್ದರೂ ಇದು ತಿಗಣೆ ಜಾತಿಯದು. ಬೆನ್ನಿನ ಮೇಲೆ ಗುಂಡುಪಿನ್ ಚುಚ್ಚಿ ನಿಲ್ಲಿಸಿದಂಥ ಪುಟ್ಟ ಗುಬುಟು ಇದರ ಗುರುತು. ರಸ ಹೀರುವಾಗ ಇದು ಬಿಡುವ ಜೊಲ್ಲು ಗಿಡಕ್ಕೆ ವಿಷ. ಚುಚ್ಚಿದ ಜಾಗ ಮೊದಲು ನೀರು ತುಂಬಿದಂತಾಗಿ, ಆಮೇಲೆ ಕಪ್ಪಾಗುತ್ತದೆ, ಅಂಟು ಒಸರುತ್ತದೆ. ಅನೇಕ ಚುಕ್ಕೆಗಳು ಕೂಡಿದಾಗ ಇಡೀ ಕುಡಿ ಒಣಗುತ್ತದೆ. ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಟೀ ಸೊಳ್ಳೆಯನ್ನು ಬೇಟೆಯಾಡುತ್ತದೆ. ಕೊಯ್ಲಿನವರಿಗೆ ಕಚ್ಚುತ್ತದೆಂದು ಅದರ ಗೂಡು ಕೀಳುವುದು ವಾಡಿಕೆ. ಆದರೆ ಗೂಡು ಉಳಿದ ಮರ ಆ ಮಟ್ಟಿಗೆ ಸುರಕ್ಷಿತ.

ಮಿತ್ರರನ್ನು ಗುರುತಿಸುವುದು

ಕೀಟನಿಯಂತ್ರಣದಲ್ಲಿ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ. ಗುಲಗಂಜಿ ಹುಳು ಹೇನನ್ನು ತಿನ್ನುತ್ತದೆಂಬುದು ಅನೇಕರಿಗೆ ಗೊತ್ತು. ಅದರ ಮರಿ ಮಾತ್ರ ತಾಯಿಯನ್ನು ಸ್ವಲ್ಪವೂ ಹೋಲುವುದಿಲ್ಲ. ಕಪ್ಪು ಮೈ, ಚೂಪು ಬಾಲ, ಬೆನ್ನ ಮೇಲೆ ಮುಳ್ಳು. ಪುಟಾಣಿ ಮೊಸಳೆಯಂತಿರುವ ಆ ಮರಿಯೇ ಹೆಚ್ಚು ಹೇನು ತಿನ್ನುವುದು, ಹುಳುವೆಂದು ಹೊಸಕಿಸಿಕೊಳ್ಳುವುದೂ ಅದೇ. ಹೇನುಗಳ ನಡುವೆ ಉಬ್ಬಿ, ಒಣಗಿ, ಹೊಂಬಣ್ಣಕ್ಕೆ ತಿರುಗಿದ ಹೇನುಗಳು ಕಂಡರೆ ಅವುಗಳೊಳಗೆ ಪರಾವಲಂಬಿ ಕಣಜದ ಮರಿ ಬೆಳೆಯುತ್ತಿದೆ ಎಂದರ್ಥ. ಬೆನ್ನ ಮೇಲೆ ದುಂಡನೆಯ ತೂತಿದ್ದರೆ ಕಣಜ ಹೊರಬಿದ್ದಾಗಿದೆ.

ಹಿಟ್ಟು ತಿಗಣೆ ತಿನ್ನುವ ಆಸ್ಟ್ರೇಲಿಯಾ ಮೂಲದ ಗುಲಗಂಜಿ ಹುಳು ಕ್ರಿಪ್ಟೋಲೀಮಸ್ ಭಾರತಕ್ಕೆ ಬಂದದ್ದು 1898ರಲ್ಲಿ, ಕಾಫಿಯ ಹಸಿರು ಶಲ್ಕ ಕೀಟದ ನಿಯಂತ್ರಣಕ್ಕೆಂದು. ಇದರ ಮರಿಯ ಮೈಗೂ ಬಿಳಿ ಮೇಣದ ಎಳೆಗಳಿರುವುದರಿಂದ ಅದನ್ನೇ ತಿಗಣೆಯೆಂದು ಕೊಲ್ಲುವುದುಂಟು. ತಿಗಣೆಗಿಂತ ದೊಡ್ಡದಾಗಿ, ಚುರುಕಾಗಿ ಓಡಾಡುತ್ತಿದ್ದರೆ ಅದು ಮಿತ್ರ. 2008ರಲ್ಲಿ ಕೊಯಮತ್ತೂರಿನಲ್ಲಿ ಪತ್ತೆಯಾಗಿ ದಕ್ಷಿಣದ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸುಗಳನ್ನು ಕಾಡಿದ ಪಪ್ಪಾಯಿ ಹಿಟ್ಟು ತಿಗಣೆಯನ್ನು ಹಿಡಿತಕ್ಕೆ ತಂದದ್ದೂ ಇಂಥದೇ ಒಂದು ಜೀವಿ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿ ಬಿಟ್ಟ ಅಸಿರೋಫೇಗಸ್ ಪಪಾಯೆ ಎಂಬ ಪುಟ್ಟ ಕಣಜ ಆ ಕೆಲಸ ಮಾಡಿತು.

ನಿಯಂತ್ರಣದ ಮೆಟ್ಟಿಲುಗಳು

ಮೊದಲ ಮೆಟ್ಟಿಲು ವಾರಕ್ಕೊಮ್ಮೆ ಕುಡಿ, ಮೊಗ್ಗು ಮತ್ತು ಎಲೆಯಡಿಯ ತಪಾಸಣೆ. ಹೇನು ಮತ್ತು ಬಿಳಿನೊಣ ಹಳದಿ ಅಂಟುಬಲೆಗೆ, ಥ್ರಿಪ್ಸ್ ನೀಲಿ ಅಂಟುಬಲೆಗೆ ಹೆಚ್ಚಾಗಿ ಬೀಳುತ್ತವೆ. ಕೀಟ ಬಂದ ದಿನವನ್ನು ಬಲೆ ಮೊದಲೇ ಹೇಳುತ್ತದೆ. ಕುಂಡದ ಗಿಡಗಳಲ್ಲಿ ಹೇನು ಕಂಡರೆ ಪೈಪಿನಿಂದ ನೀರನ್ನು ಜೋರಾಗಿ ಚಿಮ್ಮಿಸಿದರೆ ಬಹಳಷ್ಟು ಉದುರುತ್ತವೆ. ಬಿದ್ದ ಹೇನುಗಳಲ್ಲಿ ಹೆಚ್ಚಿನವು ಮರಳಿ ಗಿಡ ಹತ್ತುವುದಿಲ್ಲ.

ಎರಡನೆಯದು ಸೋಪು ಮತ್ತು ಬೇವು. ಲೀಟರ್ ನೀರಿಗೆ ಸುಮಾರು 5 ಗ್ರಾಂ ಸೋಪು ಕರಗಿಸಿದ ದ್ರಾವಣ ಮೆತ್ತನೆ ಮೈಯ ಕೀಟಗಳ ಮೇಣದ ಪದರವನ್ನು ಕರಗಿಸಿ ಅವನ್ನು ಒಣಗಿಸುತ್ತದೆ. ಮೈಗೆ ನೇರ ತಾಗಿದರೆ ಮಾತ್ರ ಕೆಲಸ; ಒಣಗಿದ ಸೋಪಿಗೆ ಶಕ್ತಿ ಇಲ್ಲ. ಎಳೆ ಎಲೆ ಸುಡಬಹುದಾದ್ದರಿಂದ ಮೊದಲು ಒಂದೆರಡು ಎಲೆಗಳ ಮೇಲೆ ಪ್ರಯೋಗಿಸುವುದು ಒಳ್ಳೆಯದು. ಬೇವಿನ ಕಷಾಯಕ್ಕೆ 5 ಕಿಲೋ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸೋಪು ಬೆರೆಸಿ 100 ಲೀಟರ್‌ಗೆ ತುಂಬಿಸಬೇಕು. ಬೇವಿನ ಅಜಾಡಿರಕ್ಟಿನ್ ಕೀಟದ ಹಸಿವನ್ನು ಕೆಡಿಸುತ್ತದೆ, ಮರಿ ಪೊರೆ ಕಳಚದಂತೆ ತಡೆಯುತ್ತದೆ. ಆದರೆ ಬಿಸಿಲಿಗೆ ಬೇಗ ಒಡೆಯುತ್ತದೆ. ಆದ್ದರಿಂದ ಸಂಜೆಯೇ ಇದಕ್ಕೆ ಸರಿಯಾದ ಹೊತ್ತು.

ಕೊನೆಯ ಮೆಟ್ಟಿಲು ರಾಸಾಯನಿಕ. ಅದೂ ಕೀಟದ ಸಂಖ್ಯೆ ನಷ್ಟದ ಮಟ್ಟ ಮುಟ್ಟಿದಾಗ ಮಾತ್ರ. ಮಾವಿನಲ್ಲಿ ಒಂದು ಹೂಗೊಂಚಲಿಗೆ ಸುಮಾರು 5 ಜಿಗಿಹುಳು ಎಂಬುದು ರೂಢಿಯಲ್ಲಿರುವ ಅಳತೆ. ಸಿಂಪಡಣೆ ಹೂ ಅರಳುವ ಮೊದಲು ಮುಗಿಯಬೇಕು, ಬೇಕಿದ್ದರೆ ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಮತ್ತೊಮ್ಮೆ. ಅರಳಿದ ಹೂವಿಗೆ ಔಷಧಿ ಹೊಡೆದರೆ ಪರಾಗಸ್ಪರ್ಶ ಮಾಡುವ ನೊಣ, ಜೇನುಗಳು ಸತ್ತು ಕೀಟ ಬಿಟ್ಟ ಹೂವೂ ಕಾಯಾಗುವುದಿಲ್ಲ. ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಬಳಸಿದರೆ ಅದನ್ನು ತಾಳಿಕೊಳ್ಳುವ ಕೀಟಗಳಷ್ಟೇ ಉಳಿದು ಪೀಳಿಗೆ ಬೆಳೆಸುತ್ತವೆ. ಪೈರಿಥ್ರಾಯ್ಡ್ ಬಗೆಯ ಔಷಧಿಗಳ ಅತಿ ಬಳಕೆಯಿಂದ ಮಿತ್ರಕೀಟಗಳು ಸತ್ತು ಮೈಟ್, ಬಿಳಿನೊಣಗಳು ಇಮ್ಮಡಿಸುವುದೂ ಉಂಟು. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ಸೂಚಿಸುತ್ತದೆ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಪ್ರಮಾಣ, ಮತ್ತು ಸಿಂಪಡಣೆಯಿಂದ ಕೊಯ್ಲಿಗೆ ಬಿಡಬೇಕಾದ ದಿನಗಳು ಅದೇ ಚೀಟಿಯಲ್ಲಿರುತ್ತವೆ.

ಹಣ್ಣಿನ ಕೊಯ್ಲು ಮುಗಿದ ಮೇಲೆ ಜಿಗಿಹುಳು ಮತ್ತೆ ತೊಗಟೆಯ ಬಿರುಕು ಸೇರುತ್ತದೆ. ಒತ್ತಾಗಿ ಹೆಣೆದ, ನೆರಳು ಕವಿದ ತೋಪು ಅದಕ್ಕೆ ಅಚ್ಚುಮೆಚ್ಚು. ಮುಂಗಾರಿನಲ್ಲಿ ಒಣ ಕೊಂಬೆ, ಒಳಕೊಂಬೆಗಳನ್ನು ಸವರಿ ನೆತ್ತಿಯಿಂದ ಬುಡದವರೆಗೆ ಗಾಳಿ, ಬೆಳಕು ಇಳಿಯುವಂತೆ ಮಾಡಿದರೆ, ಮುಂದಿನ ಮಾಘದಲ್ಲಿ ಹೂಗೊಂಚಲು ಹೊರಟಾಗ ಅಲ್ಲಿಂದ ಏಳುವ ಹುಳುಗಳ ಸಂಖ್ಯೆ ಕಡಿಮೆಯಾಗಿರುತ್ತದೆ.