ಕೆಸರು ಗದ್ದೆ ಓಟ: ಸ್ಪರ್ಧಿಗಳು ಹಾಗೂ ಸಂಘಟಕರು ತಿಳಿದಿರಬೇಕಾದ ವಿಷಯಗಳು

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ ಮೊದಲಾದ ಮಲೆನಾಡು ಪ್ರದೇಶಗಳಲ್ಲಿ ಗುಡ್ಡದ ಇಳಿಜಾರಿನಲ್ಲಿ ಕಾಫಿಯನ್ನೂ, ಗುಡ್ಡಗಳ ನಡುವಿನ ತಗ್ಗಿನಲ್ಲಿ ಭತ್ತವನ್ನೂ ಬೆಳೆಯುವುದು ಹಿಂದಿನಿಂದ ಬಂದ ಪದ್ಧತಿಯಾಗಿದೆ. ಮುಂಗಾರು ಮಳೆಗೆ ಗದ್ದೆಗಳು ಹದಗೊಂಡು ನಾಟಿ ಕೆಲಸ ನಡೆಯುವ ಜುಲೈ ಮತ್ತು ಆಗಸ್ಟ್ ತಿಂಗಳುಗಳ ಸುಮಾರಿಗೆ ಈ ಭಾಗದ ಗ್ರಾಮಗಳಲ್ಲಿ ಕೆಸರು ಗದ್ದೆ ಕ್ರೀಡಾಕೂಟಗಳು ಏರ್ಪಡುತ್ತವೆ. ಕೊಡಗು ಜಿಲ್ಲೆಯಲ್ಲಿ ನಾಟಿ ಮುಗಿದ ಸಂತೋಷಕ್ಕೆ ಗದ್ದೆಯಲ್ಲಿ ಓಡುವ ‘ನಾಟಿ ಓಟ’ವೂ, ತುಳುನಾಡಿನಲ್ಲಿ ‘ಕೆಸರ್‌ಡ್ ಒಂಜಿ ದಿನ’ ಎಂಬ ಆಚರಣೆಯೂ ಇದೇ ಬಗೆಯವು.

ಕೂಲಿಯಾಳುಗಳ ಕೊರತೆ ಹಾಗೂ ಕಾಡುಪ್ರಾಣಿಗಳ ಹಾವಳಿಯಿಂದ ಮಲೆನಾಡಿನ ಹಲವು ಗದ್ದೆಗಳು ಪಾಳು ಬಿದ್ದಿವೆ; ಕೆಲವು ಅಡಿಕೆ, ಶುಂಠಿ ಅಥವಾ ಕಾಫಿಯ ನೆಲವಾಗಿವೆ. ಇದರಿಂದಾಗಿ ಕೆಸರಿನಲ್ಲಿ ದುಡಿದು ಅಭ್ಯಾಸವಿಲ್ಲದ ಯುವಜನರು ಕ್ರೀಡಾಕೂಟದ ದಿನವೇ ಮೊದಲ ಬಾರಿಗೆ ಗದ್ದೆಗೆ ಇಳಿಯುವುದುಂಟು. ಅಂತಹವರಿಗೆ ಕೆಸರಿನ ಸ್ವಭಾವವನ್ನೂ, ಅದರಿಂದ ಬರಬಹುದಾದ ಅಪಾಯವನ್ನೂ ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

ಕ್ರೀಡೆಯ ಸ್ವರೂಪ

ವೈಯಕ್ತಿಕ ಓಟದೊಂದಿಗೆ ರಿಲೇ, ಮೂರು ಕಾಲಿನ ಓಟ, ಗೋಣಿಚೀಲದ ಓಟ, ವಾಲಿಬಾಲ್, ಮಹಿಳೆಯರಿಗೆ ಥ್ರೋಬಾಲ್ ಹಾಗೂ ಹಗ್ಗ ಜಗ್ಗಾಟಗಳು ಸಾಮಾನ್ಯವಾಗಿ ನಡೆಯುತ್ತವೆ. ತಂಡದ ಸಂಖ್ಯೆ ಮತ್ತು ಓಟದ ದೂರವನ್ನು ಗದ್ದೆಯ ಅಳತೆಗೆ ಅನುಗುಣವಾಗಿ ಸಂಘಟಕರು ನಿಗದಿಪಡಿಸುತ್ತಾರೆ. ವಿದೇಶಗಳಲ್ಲಿಯೂ ಕೆಸರಿನ ಅಡೆತಡೆ ಓಟಗಳು ಜನಪ್ರಿಯವಾಗಿವೆ. ಇಂಗ್ಲೆಂಡಿನಲ್ಲಿ 1987ರಲ್ಲಿ ಆರಂಭವಾದ ‘ಟಫ್ ಗೈ’ ಮತ್ತು ಅಮೆರಿಕದಲ್ಲಿ 2010ರಲ್ಲಿ ಆರಂಭವಾದ ‘ಟಫ್ ಮಡ್ಡರ್’ ಇವುಗಳಲ್ಲಿ ಪ್ರಮುಖವಾದವು. ಅಲ್ಲಿ ಗೋಡೆ, ಬಲೆ, ಹಳ್ಳಗಳನ್ನು ನಿರ್ಮಿಸಿ ತಡೆ ಒಡ್ಡಲಾಗುತ್ತದೆ. ಮಲೆನಾಡಿನಲ್ಲಿ ಗದ್ದೆಯೇ ತಡೆಯಾಗಿರುತ್ತದೆ.

ಹೂತ ಕಾಲನ್ನು ನೇರವಾಗಿ ಮೇಲಕ್ಕೆ ಎಳೆದಾಗ ಪಾದದ ಅಡಿಗೆ ಗಾಳಿ ಸುಲಭವಾಗಿ ಸೇರದೆ ಕೆಸರು ಕಾಲನ್ನು ಹಿಡಿದಿಡುತ್ತದೆ. ಆದ್ದರಿಂದ ಬಯಲಿನಲ್ಲಿ ವೇಗವಾಗಿ ಓಡುವವರು ಗದ್ದೆಯಲ್ಲಿ ಹಿಂದೆ ಬೀಳಬಹುದು. ಹೆಜ್ಜೆಗಳನ್ನು ಚಿಕ್ಕದಾಗಿ ಇಡುವುದು, ಹಿಮ್ಮಡಿಯನ್ನು ಮೊದಲು ಬಿಡಿಸಿಕೊಳ್ಳುವುದು ಹಾಗೂ ದೇಹವನ್ನು ಸ್ವಲ್ಪ ಮುಂದಕ್ಕೆ ಬಾಗಿಸುವುದು ಅನುಕೂಲಕರ. ಹಗ್ಗ ಜಗ್ಗಾಟದಲ್ಲಿ ತಂಡದ ಎಲ್ಲರೂ ಒಂದೇ ಕೂಗಿಗೆ ಒಟ್ಟಾಗಿ ಎಳೆಯಬೇಕು. ಹಗ್ಗವನ್ನು ಕೈಗೆ ಅಥವಾ ಸೊಂಟಕ್ಕೆ ಸುತ್ತಿಕೊಳ್ಳುವುದು ಅಪಾಯಕಾರಿ. ಇದರಿಂದ ಬೆರಳುಗಳಿಗೆ ತೀವ್ರ ಗಾಯವಾಗುವ ಸಂಭವವಿದೆ.

ಗದ್ದೆಯ ಆಯ್ಕೆ ಮತ್ತು ಸಿದ್ಧತೆ

1. ದನದ ಕೊಟ್ಟಿಗೆ, ಹಂದಿ ಗೂಡು ಅಥವಾ ಶೌಚಾಲಯದ ನೀರು ಹರಿದು ಬರುವ ಗದ್ದೆಯನ್ನು ಆಯ್ಕೆ ಮಾಡಬಾರದು. ಇತ್ತೀಚೆಗೆ ಕಳೆನಾಶಕ ಅಥವಾ ಕೀಟನಾಶಕ ಸಿಂಪಡಿಸಿದ ಗದ್ದೆಯೂ ಸೂಕ್ತವಲ್ಲ.

2. ನೀರು ನಿಲ್ಲಿಸುವ ಮೊದಲೇ ಗದ್ದೆಯನ್ನು ಪೂರ್ತಿ ನಡೆದು ನೋಡಿ ಕಲ್ಲು, ಗಾಜಿನ ಚೂರು, ಬೇಲಿಯ ಮುಳ್ಳುತಂತಿ ಹಾಗೂ ಮರದ ಬೇರುಗಳನ್ನು ತೆಗೆಯಬೇಕು. ನೀರು ತುಂಬಿದ ಮೇಲೆ ಇವು ಕಣ್ಣಿಗೆ ಬೀಳುವುದಿಲ್ಲ.

3. ಎತ್ತು ಅಥವಾ ಟಿಲ್ಲರ್‌ನಿಂದ ಉತ್ತು ಹಲಗೆ ಎಳೆದು ನೆಲವನ್ನು ಸಮ ಮಾಡಬೇಕು. ಕೆಸರು ಮೊಣಕಾಲಿಗಿಂತ ಕೆಳಗಿರುವುದು ಕ್ಷೇಮಕರ. ಬದುವಿನ ಅಂಚಿನಲ್ಲಿರುವ ಏಡಿ ಮತ್ತು ಇಲಿಗಳ ಬಿಲಗಳಿಂದ ದೂರದಲ್ಲಿ ಓಟದ ದಾರಿಯನ್ನು ಗುರುತಿಸಬೇಕು.

ಇಲಿ ಜ್ವರದ ಬಗ್ಗೆ ಎಚ್ಚರಿಕೆ

ಗಾಯಗಳಷ್ಟೇ ಗಮನ ಕೊಡಬೇಕಾದ ಇನ್ನೊಂದು ಅಪಾಯವೆಂದರೆ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿ, ದನ, ನಾಯಿ ಮೊದಲಾದ ಪ್ರಾಣಿಗಳ ಮೂತ್ರದೊಂದಿಗೆ ಹೊರಬೀಳುವ ರೋಗಾಣುಗಳು ಒದ್ದೆ ಮಣ್ಣು ಮತ್ತು ನೀರಿನಲ್ಲಿ ವಾರಗಟ್ಟಲೆ ಉಳಿಯಬಲ್ಲವು. ಚರ್ಮದ ಗಾಯ, ಕಣ್ಣು, ಮೂಗು ಹಾಗೂ ಬಾಯಿಯ ಮೂಲಕ ಅವು ದೇಹವನ್ನು ಸೇರುತ್ತವೆ. ಭತ್ತದ ಗದ್ದೆಯಲ್ಲಿ ದುಡಿಯುವವರಲ್ಲಿ ಈ ರೋಗ ಹಿಂದಿನಿಂದಲೂ ಕಂಡುಬಂದಿದೆ.

ಕ್ರೀಡಾಪಟುಗಳೂ ಇದಕ್ಕೆ ಹೊರತಲ್ಲ. 2000ನೇ ಇಸವಿಯಲ್ಲಿ ಮಲೇಷ್ಯಾದ ಬೋರ್ನಿಯೊ ದ್ವೀಪದಲ್ಲಿ ನಡೆದ ‘ಇಕೋ ಚಾಲೆಂಜ್’ ಸಾಹಸ ಸ್ಪರ್ಧೆಯಲ್ಲಿ 304 ಮಂದಿ ಭಾಗವಹಿಸಿದ್ದರು. ಅನಂತರ ವಿಚಾರಿಸಲಾದ 189 ಮಂದಿಯಲ್ಲಿ 80 ಮಂದಿಗೆ ಇಲಿ ಜ್ವರದ ಲಕ್ಷಣಗಳು ಕಾಣಿಸಿಕೊಂಡಿದ್ದವು. 29 ಮಂದಿ ಆಸ್ಪತ್ರೆಗೆ ದಾಖಲಾದರು. ಯಾರೂ ಮೃತಪಡಲಿಲ್ಲ. 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ನೆವಾಡಾ ರಾಜ್ಯದಲ್ಲಿ ದನ ಸಾಕಣೆಯ ಜಮೀನಿನಲ್ಲಿ ನಡೆದ ಅಡೆತಡೆ ಓಟದಲ್ಲಿ ಕೆಸರು ನೀರು ಬಾಯಿಗೆ ಹೋದ ಸ್ಪರ್ಧಿಗಳಲ್ಲಿ ಬೇರೊಂದು ರೋಗಾಣುವಿನಿಂದ ವಾಂತಿಭೇದಿಯಂತಹ ಕಾಯಿಲೆ ಹರಡಿತ್ತು.

ಇಲಿ ಜ್ವರದ ಲಕ್ಷಣಗಳು ಸಾಮಾನ್ಯವಾಗಿ 5ರಿಂದ 14 ದಿನಗಳ ನಂತರ, ಕೆಲವೊಮ್ಮೆ 30 ದಿನಗಳವರೆಗೂ ತಡವಾಗಿ ಕಾಣಿಸಿಕೊಳ್ಳುತ್ತವೆ. ಹಠಾತ್ ಜ್ವರ, ತಲೆನೋವು, ಕಣ್ಣು ಕೆಂಪಾಗುವುದು ಹಾಗೂ ಮೀನಖಂಡಗಳ ತೀವ್ರ ನೋವು ಮುಖ್ಯ ಲಕ್ಷಣಗಳು. ಇಲ್ಲಿ ಒಂದು ತಪ್ಪು ಗ್ರಹಿಕೆಗೆ ಅವಕಾಶವಿದೆ. ಗದ್ದೆಯಲ್ಲಿ ಓಡಿದವರಿಗೆ ಮೀನಖಂಡ ನೋಯುವುದು ಸಹಜವಾದುದರಿಂದ ರೋಗದ ನೋವನ್ನೂ ಆಟದ ಆಯಾಸವೆಂದೇ ತಿಳಿಯುವ ಸಂಭವವಿರುತ್ತದೆ. ಆಟದ ನೋವು ಮರುದಿನವೇ ತೋರಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಅದರೊಂದಿಗೆ ಜ್ವರ ಇರುವುದಿಲ್ಲ. ವಾರ ಕಳೆದ ಮೇಲೆ ಜ್ವರದೊಡನೆ ಬರುವ ನೋವನ್ನು ಅಲಕ್ಷಿಸಬಾರದು. ರೋಗ ಉಲ್ಬಣಿಸಿದಲ್ಲಿ ಕಾಮಾಲೆ, ಮೂತ್ರಪಿಂಡದ ವೈಫಲ್ಯ, ಶ್ವಾಸಕೋಶದ ರಕ್ತಸ್ರಾವ ಉಂಟಾಗಿ ಪ್ರಾಣಾಪಾಯ ಸಂಭವಿಸಬಹುದು. ಆರಂಭದಲ್ಲಿಯೇ ಚಿಕಿತ್ಸೆ ದೊರೆತಲ್ಲಿ ಸಾಮಾನ್ಯ ಪ್ರತಿಜೈವಿಕ ಔಷಧಿಗಳಿಂದ ಗುಣವಾಗುತ್ತದೆ.

ಸ್ಪರ್ಧಿಗಳು ಅನುಸರಿಸಬೇಕಾದ ಕ್ರಮಗಳು

1. ಕಾಲು ಅಥವಾ ಕೈಯಲ್ಲಿ ಮಾಯದ ಗಾಯ, ಬಿರುಕು ಬಿಟ್ಟ ಹಿಮ್ಮಡಿ, ಜಿಗಣೆ ಕಚ್ಚಿ ಕೆರೆದ ಹುಣ್ಣು ಇರುವವರು ಗದ್ದೆಗೆ ಇಳಿಯದಿರುವುದು ಒಳ್ಳೆಯದು. ಮಧುಮೇಹ, ಹೃದ್ರೋಗ ಇರುವವರು ವೈದ್ಯರ ಸಲಹೆ ಪಡೆಯಬೇಕು. ಗರ್ಭಿಣಿಯರು ಭಾಗವಹಿಸಬಾರದು.

2. ಧನುರ್ವಾಯು ನಿರೋಧಕ ಚುಚ್ಚುಮದ್ದು ಪಡೆದಿರುವುದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕು.

3. ಉಗುರು ಕತ್ತರಿಸಿ, ಉಂಗುರ, ಸರ, ಬಳೆಗಳನ್ನು ತೆಗೆದಿರಿಸಬೇಕು. ಓಡುವಾಗ ಬಿದ್ದಲ್ಲಿ ಬಾಯಿ ಮುಚ್ಚಿಕೊಳ್ಳಬೇಕು. ಇತರರ ಮುಖಕ್ಕೆ ಕೆಸರು ಎರಚಬಾರದು.

4. ಆಟ ಮುಗಿದೊಡನೆ ಶುದ್ಧ ನೀರು ಹಾಗೂ ಸಾಬೂನಿನಿಂದ ಸ್ನಾನ ಮಾಡಿ ಒಣ ಬಟ್ಟೆ ಧರಿಸಬೇಕು. ಮಳೆಗಾಳಿಯಲ್ಲಿ ಒದ್ದೆ ಬಟ್ಟೆಯಲ್ಲಿಯೇ ಉಳಿದರೆ ದೇಹದ ಶಾಖ ಬೇಗ ಕುಂದುತ್ತದೆ. ಕೈ ತೊಳೆಯದೆ ಆಹಾರ ಸೇವಿಸಬಾರದು.

5. ಇಲಿ ಜ್ವರ ತಡೆಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಕೆಲವು ಸಂದರ್ಭಗಳಲ್ಲಿ ನೀಡಲಾಗುತ್ತದೆ. ವೈದ್ಯರು ಸೂಚಿಸಿದರೆ ಮಾತ್ರ ಇದನ್ನು ತೆಗೆದುಕೊಳ್ಳಬೇಕು. ಮಕ್ಕಳಿಗೆ ಸ್ವಂತ ನಿರ್ಧಾರದಿಂದ ಕೊಡಬಾರದು.

6. ಒಂದು ತಿಂಗಳ ಒಳಗೆ ಜ್ವರ ಬಂದಲ್ಲಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಿ, ಗದ್ದೆಯಲ್ಲಿ ಆಡಿದ ದಿನಾಂಕವನ್ನು ವೈದ್ಯರಿಗೆ ತಿಳಿಸಬೇಕು. ಡೆಂಗಿ ಹಾಗೂ ಇಲಿ ಜ್ವರದ ಆರಂಭದ ಲಕ್ಷಣಗಳು ಒಂದನ್ನೊಂದು ಹೋಲುವುದರಿಂದ ಈ ಮಾಹಿತಿಯು ರೋಗಪತ್ತೆಗೆ ನೆರವಾಗುತ್ತದೆ.

ಸಂಘಟಕರ ಹೊಣೆ

ಸ್ಪರ್ಧೆಯ ದಿನಾಂಕವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಂಚಿತವಾಗಿ ತಿಳಿಸುವುದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಾಗೂ ವಾಹನವನ್ನು ಸ್ಥಳದಲ್ಲಿ ಸಿದ್ಧವಾಗಿ ಇರಿಸುವುದು, ಪುರುಷರು ಮತ್ತು ಮಹಿಳೆಯರಿಗೆ ಪ್ರತ್ಯೇಕ ಸ್ನಾನದ ಹಾಗೂ ಬಟ್ಟೆ ಬದಲಾಯಿಸುವ ವ್ಯವಸ್ಥೆ ಕಲ್ಪಿಸುವುದು ಅಗತ್ಯ. ಮಳೆಗಾಲದಲ್ಲಿ ತುಂಬಿ ಹರಿಯುವ ಭದ್ರಾ, ಹೇಮಾವತಿ ಹಾಗೂ ಹಳ್ಳಗಳಿಗೆ ಮೈ ತೊಳೆಯಲು ಇಳಿಯುವುದನ್ನು ತಡೆಯಬೇಕು. ಗುಡುಗು ಮಿಂಚು ಕಂಡೊಡನೆ ಆಟವನ್ನು ನಿಲ್ಲಿಸಬೇಕು. ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಬಹುದು. ಗುಡ್ಡಗಾಡು ಗ್ರಾಮಗಳಲ್ಲಿ ಎಲ್ಲೆಡೆ ಮೊಬೈಲ್ ಸಂಪರ್ಕ ದೊರೆಯದಿರುವುದರಿಂದ ಕರೆ ಮಾಡಲು ಸಾಧ್ಯವಿರುವ ಸ್ಥಳವನ್ನು ಮೊದಲೇ ಗುರುತಿಸಿರಬೇಕು.

ಸ್ಪರ್ಧಿಗಳ ಹೆಸರು ಮತ್ತು ದೂರವಾಣಿ ಸಂಖ್ಯೆಯ ಪಟ್ಟಿಯನ್ನು ಒಂದು ತಿಂಗಳ ಕಾಲ ಕಾಯ್ದಿರಿಸುವುದು ಒಳ್ಳೆಯ ಕ್ರಮ. ಒಬ್ಬರಿಗೆ ಇಲಿ ಜ್ವರ ದೃಢಪಟ್ಟಲ್ಲಿ ಉಳಿದವರಿಗೆ ಕೂಡಲೇ ಸುದ್ದಿ ಮುಟ್ಟಿಸಲು ಇದರಿಂದ ಸಾಧ್ಯವಾಗುತ್ತದೆ. ರಜೆಗೆ ಊರಿಗೆ ಬಂದು ಆಡಿ ಬೆಂಗಳೂರಿಗೋ ಬೇರೆಡೆಗೋ ಹಿಂದಿರುಗಿದವರಿಗೆ ಅಲ್ಲಿಯ ವೈದ್ಯರು ಗದ್ದೆಯ ಬಗ್ಗೆ ಕೇಳದೆ ಇರಬಹುದು. ಆಗ ಊರಿನಿಂದ ಹೋದ ಒಂದು ದೂರವಾಣಿ ಕರೆಯೇ ಪ್ರಾಣ ಉಳಿಸಬಹುದು.