ಹಿತ್ತಿಲಿನ ವೀಕ್ಷಣಾಲಯ

ಆಕಾಶದ ಮಸುಕಾದ ಕಾಯಗಳನ್ನು ಛಾಯಾಚಿತ್ರದಲ್ಲಿ ಹಿಡಿಯುವ ವಿದ್ಯೆ ಬಹುಮಟ್ಟಿಗೆ ಮನೆಗಳ ಹಿತ್ತಿಲಿನಲ್ಲಿ ಬೆಳೆದದ್ದು. ನಕ್ಷತ್ರಗಳ ಸ್ಥಾನವನ್ನು ಕರಾರುವಾಕ್ಕಾಗಿ ಅಳೆದು ನಾವಿಕರಿಗೂ ಕಾಲಗಣನೆಗೂ ಒದಗಿಸುವುದು ಹತ್ತೊಂಬತ್ತನೆಯ ಶತಮಾನದ ಗ್ರೀನಿಚ್‌ನಂತಹ ಸರ್ಕಾರಿ ವೀಕ್ಷಣಾಲಯಗಳ ಮುಖ್ಯ ಕರ್ತವ್ಯವಾಗಿದ್ದುದರಿಂದ, ನೀಹಾರಿಕೆಗಳ, ಎಂದರೆ ಅನಿಲ ಮತ್ತು ಧೂಳಿನ ಮೋಡಗಳ, ಚಿತ್ರ ತೆಗೆಯುತ್ತ ರಾತ್ರಿ ಕಳೆಯುವ ಪುರುಸೊತ್ತು ಅಲ್ಲಿನವರಿಗೆ ಇರಲಿಲ್ಲ. ಆ ಕೆಲಸ ಸ್ವಂತ ದುಡ್ಡು ಸುರಿದು ಸ್ವಂತ ಜಾಗದಲ್ಲಿ ದೂರದರ್ಶಕ ನಿಲ್ಲಿಸಿಕೊಂಡವರ ಪಾಲಿಗೆ ಬಂದಿತು. ವೈದ್ಯಶಾಸ್ತ್ರ ಓದಿದ್ದ ಹೆನ್ರಿ ಡ್ರೇಪರ್ ನ್ಯೂಯಾರ್ಕ್ ಸಮೀಪದ ಹೇಸ್ಟಿಂಗ್ಸ್-ಆನ್-ಹಡ್ಸನ್‌ನಲ್ಲಿದ್ದ ತಮ್ಮ ಖಾಸಗಿ ವೀಕ್ಷಣಾಲಯದಿಂದ 1880ರ ಸೆಪ್ಟೆಂಬರ್ 30ರಂದು ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯನ್ನು ಮೊತ್ತಮೊದಲಿಗೆ ಛಾಯಾಚಿತ್ರದಲ್ಲಿ ಸೆರೆಹಿಡಿದರು. ಲಿವರ್‌ಪೂಲ್‌ನ ಕಟ್ಟಡ ಗುತ್ತಿಗೆದಾರ ಐಸಾಕ್ ರಾಬರ್ಟ್ಸ್ 1888ರ ಡಿಸೆಂಬರ್ 29ರಂದು 20 ಅಂಗುಲದ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ ದೇವಯಾನಿ ನೀಹಾರಿಕೆಯ, ಇಂದಿನ ಮಾತಿನಲ್ಲಿ ದೇವಯಾನಿ ಗ್ಯಾಲಕ್ಸಿಯ, ಸುರುಳಿಯಾಕಾರ ಮೊದಲ ಬಾರಿಗೆ ಸ್ಪಷ್ಟವಾಗಿ ಗೋಚರಿಸಿತು. ಇವರಿಬ್ಬರ ನಡುವೆ ನಿಲ್ಲುವವರು ಆಂಡ್ರ್ಯೂ ಐನ್ಸ್ಲಿ ಕಾಮನ್. ಮನೆಯ ವೀಕ್ಷಣಾಲಯವೆಂಬ ಕಸುಬಿನ ಒಳಗುಟ್ಟು ಅರಿಯಬೇಕಾದರೆ ಈ ಮೂವರಲ್ಲಿ ಹೆಚ್ಚು ಹೊತ್ತು ನೋಡಬೇಕಾದದ್ದು ಅವರನ್ನೇ.

ಕಾಮನ್ (1841–1903) ವೃತ್ತಿಯಿಂದ ನೈರ್ಮಲ್ಯ ಎಂಜಿನಿಯರ್, ಎಂದರೆ ಕಟ್ಟಡಗಳ ನೀರು ಮತ್ತು ಕೊಳಾಯಿ ವ್ಯವಸ್ಥೆಯನ್ನು ರೂಪಿಸುವವರು. ಲಂಡನ್ನಿನ ಪಶ್ಚಿಮಕ್ಕಿರುವ ಈಲಿಂಗ್‌ನಲ್ಲಿ ಮನೆ ಮಾಡಿದ ಅವರು, ಐದೂವರೆ ಅಂಗುಲದ ಮಸೂರದ ದೂರದರ್ಶಕದಿಂದ ಚಂದ್ರನ ಮತ್ತು ಗ್ರಹಗಳ ಚಿತ್ರ ತೆಗೆಯಲಾರಂಭಿಸಿ, ಮಸುಕಾದ ಕಾಯಗಳಿಗೆ ಬೆಳಕು ಸಂಗ್ರಹಿಸುವ ದೊಡ್ಡ ಬಾಯಿಯೇ ಬೇಕೆಂಬುದನ್ನು ಬೇಗ ಕಂಡುಕೊಂಡು, ದರ್ಪಣ ತಯಾರಕ ಜಾರ್ಜ್ ಕ್ಯಾಲ್ವರ್ ಅವರಿಂದ 36 ಅಂಗುಲ ವ್ಯಾಸದ ಬೆಳ್ಳಿ ಲೇಪಿತ ಗಾಜಿನ ದರ್ಪಣವನ್ನು ಮಾಡಿಸಿಕೊಂಡರು. ದರ್ಪಣವನ್ನು ಹಣ ಕೊಟ್ಟು ತರಿಸಬಹುದಿತ್ತು. ಆ ಭಾರವನ್ನು ಆಕಾಶದ ವೇಗಕ್ಕೆ ಸರಿಯಾಗಿ ತಿರುಗಿಸುವ ಆಧಾರಯಂತ್ರವನ್ನು ಮಾತ್ರ ಕಾಮನ್ ತಾವೇ ಯೋಜಿಸಿದರು, ಮತ್ತು ಅವರ ಎಂಜಿನಿಯರ್ ಬುದ್ಧಿ ಪೂರ್ತಿಯಾಗಿ ಕಾಣುವುದು ಇಲ್ಲಿಯೇ. ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಓರೆಯಾಗಿ ನಿಲ್ಲಿಸಿದ ಮುಖ್ಯ ಅಚ್ಚನ್ನು, ಅಂದರೆ ಧ್ರುವಾಕ್ಷವನ್ನು, ಅವರು ಪಾದರಸದಲ್ಲಿ ತೇಲುವಂತೆ ಮಾಡಿದರು. ಅಚ್ಚಿನ ಮೇಲಿನ ಭಾರದ ಬಹುಭಾಗವನ್ನು ಪಾದರಸವೇ ಹೊತ್ತುಕೊಂಡುದರಿಂದ ಉಜ್ಜಾಟ ತೀರ ಕಡಿಮೆಯಾಗಿ, ಅಷ್ಟು ದೊಡ್ಡ ಯಂತ್ರ ಗಡಿಯಾರದ ಚಕ್ರಗಳ ಅಲ್ಪ ಬಲಕ್ಕೂ ಎಳೆತವಿಲ್ಲದೆ ಸರಾಗವಾಗಿ ತಿರುಗಿತು.

ಇಷ್ಟಾದರೂ ಯಾವ ಗಡಿಯಾರವೂ ಆಕಾಶವನ್ನು ಪೂರ್ತಿ ಅನುಸರಿಸಲಾರದು. ಗಾಳಿ, ಲೋಹದ ಹಿಗ್ಗುಕುಗ್ಗು, ಹಲ್ಲುಚಕ್ರಗಳ ಸೂಕ್ಷ್ಮ ದೋಷ ಇವೆಲ್ಲ ಸೇರಿ ನಕ್ಷತ್ರವನ್ನು ತನ್ನ ಜಾಗದಿಂದ ಕದಲಿಸುತ್ತಲೇ ಇರುತ್ತವೆ, ಮತ್ತು ಛಾಯಾಚಿತ್ರದ ಫಲಕದ ಮೇಲೆ ಚುಕ್ಕಿಯಾಗಬೇಕಾದದ್ದು ಗೆರೆಯಾಗುತ್ತದೆ. ಹೀಗಾಗಿ ಒಂದು ನಕ್ಷತ್ರವನ್ನು ಅಡ್ಡಗೆರೆಗಳ ಸಂಧಿಯಲ್ಲಿಟ್ಟುಕೊಂಡು, ಅದು ಜಾರಿದಾಗಲೆಲ್ಲ ಫಲಕದ ಚೌಕಟ್ಟನ್ನೇ ತಿರುಪಿನಿಂದ ಕೂದಲೆಳೆಯಷ್ಟು ಸರಿಸುವ ಉಪಾಯವನ್ನು ಕಾಮನ್ ರೂಢಿಗೆ ತಂದರು. ತಿರುಪಿನ ಮೇಲೆ ಕೈ, ಮಸೂರದ ಮೇಲೆ ಕಣ್ಣು ಇಟ್ಟು ಇಂಗ್ಲೆಂಡಿನ ಮಾಗಿಯ ಕತ್ತಲಲ್ಲಿ ಅಲುಗಾಡದೆ ನಿಲ್ಲುವುದು ವಿಜ್ಞಾನಕ್ಕಿಂತ ವ್ರತಕ್ಕೆ ಹತ್ತಿರವಾದ ಕೆಲಸವೆಂದರೆ ಉತ್ಪ್ರೇಕ್ಷೆಯಲ್ಲ. 1883ರ ಜನವರಿ 30ರಂದು 37 ನಿಮಿಷಗಳ ಕಾಲ ಹೀಗೆ ಬೆಳಕುಂಡ ಫಲಕದಲ್ಲಿ ಮಹಾವ್ಯಾಧದ ನೀಹಾರಿಕೆ ಮಡಿಕೆಮಡಿಕೆಯಾಗಿ ಮೂಡಿತು. ಅದೇ ದೂರದರ್ಶಕಕ್ಕೆ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಅವರ ಫಲಕಗಳಲ್ಲಿ ಕಂಡವು. ಬೆಳಕನ್ನು ಕೂಡಿಡುವ ಶಕ್ತಿಯಲ್ಲಿ ಛಾಯಾಗ್ರಹಣ ಮನುಷ್ಯನ ಕಣ್ಣನ್ನು ಮೀರಿದೆ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ. ಮರುವರ್ಷ ಬ್ರಿಟನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ನೀಡಿತು.

ಗುರಿ ಮುಟ್ಟಿದ ಯಂತ್ರದ ಮೇಲೆ ಕಾಮನ್‌ಗೆ ಆಸಕ್ತಿ ಉಳಿಯುತ್ತಿರಲಿಲ್ಲವೆಂದು ತೋರುತ್ತದೆ. 36 ಅಂಗುಲದ ದೂರದರ್ಶಕವನ್ನು 1885ರಲ್ಲಿ ಹ್ಯಾಲಿಫ್ಯಾಕ್ಸ್‌ನ ರತ್ನಗಂಬಳಿ ಉದ್ಯಮಿ ಎಡ್ವರ್ಡ್ ಕ್ರಾಸ್ಲಿ ಅವರಿಗೆ ಮಾರಿ, 60 ಅಂಗುಲದ ದರ್ಪಣವನ್ನು ತಾವೇ ಉಜ್ಜಿ ಹೊಳಪು ಕೊಡಲು ತೊಡಗಿದರು. ಮೊದಲನೆಯದು ಮನಸ್ಸಿಗೆ ಒಪ್ಪದೆ ಎರಡನೆಯದನ್ನೂ ಮಾಡಿದರು. ಎತ್ತರದ ಅಟ್ಟಣೆಯಿಂದ ಕತ್ತಲಲ್ಲಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿದ ಮೇಲೆ ಅದರ ಬಳಕೆಯನ್ನು ಕಡಿಮೆ ಮಾಡಿದರು. ಕೊನೆಯ ವರ್ಷಗಳಲ್ಲಿ ಬಂದೂಕು ಮತ್ತು ಫಿರಂಗಿಗಳ ಗುರಿದರ್ಶಕಗಳ ಕಡೆಗೆ ಹೊರಳಿದರು. ಕ್ರಾಸ್ಲಿ ಕೈಸೇರಿದ ದೂರದರ್ಶಕವೋ ಹ್ಯಾಲಿಫ್ಯಾಕ್ಸ್‌ನ ಮೋಡ ಹೊಗೆಗಳಲ್ಲಿ ಹತ್ತು ವರ್ಷ ಕಳೆದು, 1895ರಲ್ಲಿ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯಕ್ಕೆ ದಾನವಾಗಿ ಹೋಯಿತು. ಸುರುಳಿ ನೀಹಾರಿಕೆಗಳು ಆಕಾಶದಲ್ಲಿ ಲೆಕ್ಕವಿಲ್ಲದಷ್ಟಿವೆ ಎಂಬುದನ್ನು ಅಲ್ಲಿನ ಖಗೋಳಜ್ಞ ಜೇಮ್ಸ್ ಕೀಲರ್ ಶತಮಾನದ ಕೊನೆಯಲ್ಲಿ ಮನಗಂಡದ್ದು ಈಲಿಂಗ್‌ನ ಆ ಹಿತ್ತಿಲಿನ ಯಂತ್ರದಿಂದಲೇ.

ಭಾರತದಲ್ಲಿ ಇಂತಹ ಖಾಸಗಿ ವೀಕ್ಷಣಾಲಯಗಳಿಗೆ ಸಂವಾದಿಯಾದ ಉದಾಹರಣೆ ಹೈದರಾಬಾದಿನದು. ನವಾಬ್ ಜಫರ್ ಜಂಗ್ ಇಂಗ್ಲೆಂಡಿನಿಂದ 15 ಅಂಗುಲದ ಗ್ರಬ್ ದೂರದರ್ಶಕವನ್ನು ತರಿಸಿ 1901ರಲ್ಲಿ ಫಿಸಲ್‌ಬಂಡಾದ ತಮ್ಮ ಜಾಗದಲ್ಲಿ ವೀಕ್ಷಣಾಲಯ ಆರಂಭಿಸಿದರು. ಅವರ ಮರಣಾನಂತರ 1908ರಲ್ಲಿ ನಿಜಾಮ್ ಸರ್ಕಾರ ಅದನ್ನು ವಹಿಸಿಕೊಂಡಿತು. ನಿಜಾಮಿಯಾ ಎಂದು ಹೆಸರಾದ ಆ ವೀಕ್ಷಣಾಲಯದ ನೌಕರರೊಬ್ಬರ ಮಗನೇ, ಮುಂದೆ ಕಾವಲೂರಿನ ವೀಕ್ಷಣಾಲಯವನ್ನೂ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನೂ ಕಟ್ಟಿದ ವೇಣು ಬಾಪ್ಪು.

ಇಂದು ಮನೆಯ ತಾರಸಿಯ ಮೇಲೆ ಅಥವಾ ತೋಟದ ಮೂಲೆಯಲ್ಲಿ ವೀಕ್ಷಣಾಲಯ ಕಟ್ಟುವವರ ಮುಂದಿರುವುದೂ ಕಾಮನ್ ಎದುರಿಸಿದ ಸಮಸ್ಯೆಯೇ. ಆಕಾಶ ಒಂದು ಸೆಕೆಂಡಿಗೆ 15 ಆರ್ಕ್ ಸೆಕೆಂಡಿನಷ್ಟು ತಿರುಗುತ್ತದೆ. ಆರ್ಕ್ ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೆಯ ಒಂದು ಭಾಗ. 500 ಮಿಲಿಮೀಟರ್ ನಾಭಿದೂರದ ಸಾಧಾರಣ ದೂರದರ್ಶಕಕ್ಕೆ ಇಂದಿನ ಕ್ಯಾಮೆರಾ ಜೋಡಿಸಿ ಸುಮ್ಮನೆ ಬಿಟ್ಟರೆ, ನಕ್ಷತ್ರವೊಂದು ಒಂದು ಪಿಕ್ಸೆಲ್ ದಾಟಿ ಇನ್ನೊಂದಕ್ಕೆ ಹೋಗಲು ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ಐದು ನಿಮಿಷ ತೆರೆದಿಟ್ಟ ಕ್ಯಾಮೆರಾದಲ್ಲಿ ಅದು ಚುಕ್ಕಿಯಾಗಿಯೇ ಉಳಿಯಬೇಕು. ಆದಕಾರಣ ವೀಕ್ಷಣಾಲಯದ ಜೀವಾಳ ದೂರದರ್ಶಕಕ್ಕಿಂತ ಹೆಚ್ಚಾಗಿ ಅದನ್ನು ಹೊತ್ತ ಆಧಾರಯಂತ್ರದಲ್ಲಿಯೂ, ಎಂದರೆ ಮೌಂಟಿನಲ್ಲಿಯೂ, ಮೌಂಟನ್ನು ಹೊತ್ತ ಕಂಬದಲ್ಲಿಯೂ ಇದೆ. ಹವ್ಯಾಸಿಗಳು ಪಿಯರ್ ಎಂದು ಕರೆಯುವ ಈ ಕಂಬಕ್ಕೆ ನೆಲದಲ್ಲಾದರೆ ಪ್ರತ್ಯೇಕ ಪಾಯ ತೋಡಿ, ಸುತ್ತಲಿನ ನೆಲಗಟ್ಟು ಅದಕ್ಕೆ ತಾಗದಂತೆ ಸಂದು ಬಿಡುತ್ತಾರೆ. ಇಲ್ಲವಾದರೆ ನಡೆದಾಡುವವರ ಹೆಜ್ಜೆ ಚಿತ್ರದಲ್ಲಿ ಮೂಡುತ್ತದೆ. ತಾರಸಿಯಲ್ಲಾದರೆ ಕೆಳಗಿನ ಕಂಬದ ನೇರಕ್ಕೇ ಪಿಯರ್ ಎಬ್ಬಿಸುವುದು ವಾಡಿಕೆ. ಆಗಲೂ ಸಂಪಿನ ಮೋಟಾರು ಓಡಿದರೆ ನಕ್ಷತ್ರಗಳು ನಡುಗುವುದುಂಟು.

ಮೌಂಟಿನ ಧ್ರುವಾಕ್ಷವನ್ನು ಊರಿನ ಅಕ್ಷಾಂಶಕ್ಕೆ ಸಮನಾಗಿ ಓರೆ ಮಾಡಬೇಕು. ಈಲಿಂಗ್‌ನಲ್ಲಿ ಅದು ಐವತ್ತೊಂದೂವರೆ ಡಿಗ್ರಿಯಷ್ಟು ನಿಂತಿದ್ದರೆ, ಬೆಂಗಳೂರು ಮತ್ತು ಮಂಗಳೂರುಗಳಲ್ಲಿ 13 ಡಿಗ್ರಿಗೆ ಇಳಿದು ಮಲಗಿದಂತೆಯೇ ಇರುತ್ತದೆ. ಯುರೋಪು ಅಮೆರಿಕಗಳನ್ನು ಮನಸ್ಸಿನಲ್ಲಿಟ್ಟು ತಯಾರಿಸಿದ ಎಷ್ಟೋ ಮೌಂಟುಗಳು ಇಷ್ಟು ಬಾಗುವಾಗ ಅವುಗಳ ತೂಕದ ಕೋಲು ಆಧಾರದ ಕಾಲಿಗೆ ಬಡಿಯುತ್ತದೆ. ಧ್ರುವನಕ್ಷತ್ರವೋ ದಿಗಂತದಿಂದ 13 ಡಿಗ್ರಿ ಮೇಲೆ, ನೆರೆಮನೆಯ ನೀರಿನ ಟ್ಯಾಂಕಿನ ಹಿಂದೆ, ಇಲ್ಲವೇ ತೆಂಗಿನ ಗರಿಗಳ ನಡುವೆ ಮರೆಯಾಗಿರುತ್ತದೆ. ಆಗ ನೆರವಿಗೆ ಬರುವುದು ಹಳೆಯ ಡ್ರಿಫ್ಟ್ ವಿಧಾನ: ನೆತ್ತಿಯ ಗೆರೆಯ ಹತ್ತಿರದ ನಕ್ಷತ್ರವೊಂದನ್ನು ಅಡ್ಡಗೆರೆಗೆ ತಂದು, ಅದು ಉತ್ತರಕ್ಕೋ ದಕ್ಷಿಣಕ್ಕೋ ಜಾರುವುದನ್ನು ಗಮನಿಸಿ ಅಕ್ಷವನ್ನು ಎಡಬಲಕ್ಕೆ ತಿದ್ದುತ್ತಾರೆ, ಬಳಿಕ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರವನ್ನು ನೋಡಿ ಏರುತಗ್ಗನ್ನು ತಿದ್ದುತ್ತಾರೆ. ಪಿಯರ್ ಕದಲದಿದ್ದರೆ ಒಮ್ಮೆ ಮಾಡಿದ ಈ ಹೊಂದಾಣಿಕೆ ಬಹುಕಾಲ ಬಾಳುತ್ತದೆ. ಶಾಶ್ವತ ವೀಕ್ಷಣಾಲಯ ಕಟ್ಟುವುದರ ನಿಜವಾದ ಲಾಭ ಇದೇ. ದಕ್ಷಿಣದ ಈ ತಾಪತ್ರಯಕ್ಕೆ ಪರಿಹಾರವೆಂಬಂತೆ, ಕಾಮನ್‌ಗೆ 33 ಡಿಗ್ರಿಗಿಂತ ಹೆಚ್ಚು ಮೇಲೇರದಿದ್ದ ಮಹಾವ್ಯಾಧದ ನೀಹಾರಿಕೆ ಬೆಂಗಳೂರಿನಲ್ಲಿ 70 ಡಿಗ್ರಿಗೂ ಮೇಲಕ್ಕೆ ಬರುತ್ತದೆ. ಅಡ್ಡಗೆರೆಯ ಮೇಲೆ ಕಣ್ಣಿಟ್ಟು ನಿಲ್ಲುವ ಕೆಲಸವನ್ನು ಈಗ ಗೈಡ್ ಕ್ಯಾಮೆರಾ ಎಂಬ ಪುಟ್ಟ ಎರಡನೆಯ ಕ್ಯಾಮೆರಾ ವಹಿಸಿಕೊಂಡಿದೆ; ಅದು ಕೆಲವು ಸೆಕೆಂಡಿಗೊಮ್ಮೆ ನಕ್ಷತ್ರವೊಂದನ್ನು ಅಳೆದು ಮೋಟಾರಿಗೆ ತಿದ್ದುಪಡಿ ಕಳಿಸುತ್ತದೆ.

ಉಳಿದದ್ದು ಬಡಗಿ ಮತ್ತು ವೆಲ್ಡರ್‌ಗಳ ಕೆಲಸ. ಗುಮ್ಮಟ ನೋಡಲು ಚೆಂದ. ಆದರೆ ಜಾರುಗೇಟಿಗೆ ಹಾಕುವ ಗಾಲಿಗಳ ಮೇಲೆ ಕಬ್ಬಿಣದ ಹಳಿಯುದ್ದಕ್ಕೂ ಪಕ್ಕಕ್ಕೆ ಉರುಳುವ ಶೀಟಿನ ಛಾವಣಿ ಅಗ್ಗ, ಮತ್ತು ಅದನ್ನು ಸರಿಸಿದ ಕೂಡಲೇ ಒಳಗಿನ ಬಿಸಿ ಹೊರಹೋಗುತ್ತದೆ. ಆಷಾಢದ ಗಾಳಿಗೆ ಛಾವಣಿ ಹಾರದಂತೆ ಕೊಂಡಿ ಬೇಕೇಬೇಕು. ಕ್ಯಾಮೆರಾದ ಬಿಸಿಯಿಂದ ಹುಟ್ಟುವ ಕಲೆಗಳನ್ನು ಕಳೆಯಲು ಮುಚ್ಚಳ ಹಾಕಿ ತೆಗೆಯುವ ಡಾರ್ಕ್ ಚಿತ್ರಗಳು, ಮಸೂರದ ಧೂಳು ಮತ್ತು ಅಂಚಿನ ಮಬ್ಬನ್ನು ಅಳಿಸಲು ನಳಿಗೆಯ ಬಾಯಿಗೆ ಬಿಳಿ ಬಟ್ಟೆ ಬಿಗಿದು ಮುಸ್ಸಂಜೆಯಲ್ಲಿ ತೆಗೆಯುವ ಫ್ಲ್ಯಾಟ್ ಚಿತ್ರಗಳು, ಕೊನೆಗೆ ನೂರಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುವ ಸ್ಟ್ಯಾಕಿಂಗ್, ಇವೆಲ್ಲ ಕಂಪ್ಯೂಟರಿನ ಅಡುಗೆ. ನೂರು ಚಿತ್ರ ಪೇರಿಸಿದರೆ ಒಂದಕ್ಕಿಂತ ಹತ್ತುಪಟ್ಟು ತಿಳಿಯಾದ ಚಿತ್ರ ಸಿಗುತ್ತದೆಂಬ ಲೆಕ್ಕವಷ್ಟೇ ಇಲ್ಲಿ ಸಾಕು.

ಕರ್ನಾಟಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಂತ್ರವನ್ನು ಕಾಯುವುದೇ ವೀಕ್ಷಣಾಲಯದ ಕೆಲಸ. ಮಲೆನಾಡು ಕರಾವಳಿಗಳ ತೇವಕ್ಕೆ ಮಸೂರಗಳಲ್ಲಿ ಬೂಷ್ಟು ಹಿಡಿಯುತ್ತದೆ, ಸಿಡಿಲಿಗೆ ಹೆದರಿ ತಂತಿಗಳನ್ನೆಲ್ಲ ಕಳಚಿಡಬೇಕಾಗುತ್ತದೆ. ಇವುಗಳಿಗೆ ಉಪಾಯವಿದೆ, ಬೀದಿದೀಪಕ್ಕೆ ಹವ್ಯಾಸಿಯ ಕೈಯಲ್ಲಿ ಪೂರ್ತಿ ಉಪಾಯವಿಲ್ಲ. ಹಳೆಯ ಸೋಡಿಯಂ ದೀಪದ ಹಳದಿ ಬೆಳಕು ಬಹುಪಾಲು ವರ್ಣಪಟಲದ ಕಿರಿದಾದ ಪಟ್ಟಿಯಲ್ಲೇ ಇದ್ದುದರಿಂದ ಶೋಧಕ ಗಾಜಿನಿಂದ ಅದನ್ನು ಸಾಕಷ್ಟು ತಡೆಯಬಹುದಿತ್ತು. ಎಲ್‌ಇಡಿಯ ಬಿಳಿ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿಕೊಂಡಿರುವುದರಿಂದ ಹಾಗೆ ಸೋಸಿ ತೆಗೆಯಲಾಗದು. ದೀಪಕ್ಕೊಂದು ಮೇಲ್ಮುಚ್ಚಳ ಹಾಕಿ ಬೆಳಕನ್ನು ನೆಲದ ಕಡೆಗೆ ತಿರುಗಿಸುವುದು ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ; ಲಡಾಖಿನ ಹಾನ್ಲೆಯ ಸುತ್ತ 2022ರಲ್ಲಿ ಘೋಷಿತವಾದ ಕತ್ತಲಾಕಾಶ ಮೀಸಲು ಪ್ರದೇಶದಲ್ಲಿ ಇಂತಹ ಕಟ್ಟುಪಾಡುಗಳಿವೆ. ಕರ್ನಾಟಕದ ನಗರಗಳಲ್ಲಿ ಅದನ್ನು ಕೇಳುವವರ ಸಂಖ್ಯೆ ಚಿಕ್ಕದು.

ಆದರೂ ಜಲಜನಕ ಹೊಮ್ಮಿಸುವ 656.3 ನ್ಯಾನೋಮೀಟರಿನ ಕೆಂಪು ಬೆಳಕನ್ನು ಮಾತ್ರ ಒಳಬಿಡುವ ಶೋಧಕಗಳು ಇರುವುದರಿಂದ ನೀಹಾರಿಕೆಗಳ ಚಿತ್ರವನ್ನು ಬೆಂಗಳೂರಿನ ನಡುವಿನಿಂದಲೂ ತೆಗೆಯಬಹುದು. ಗ್ಯಾಲಕ್ಸಿಗಳ ಬೆಳಕು ನಕ್ಷತ್ರಗಳ ಬೆಳಕೇ ಆದ್ದರಿಂದ ಈ ಉಪಾಯ ಅಲ್ಲಿ ಸಾಗದು. ಅವುಗಳ ಆಸೆ ಬಿಡಲಾರದವರಿಗೆ ಟೆಕ್ಸಾಸ್, ಚಿಲಿಗಳ ಮರುಭೂಮಿಗಳಲ್ಲಿ ಬಾಡಿಗೆಗೆ ಸಿಗುವ ಪಿಯರ್‌ಗಳ ಮೇಲೆ ದೂರದರ್ಶಕ ಕೂರಿಸಿ, ಅಂತರ್ಜಾಲದ ಮೂಲಕ ಅದನ್ನು ನಡೆಸುವ ದಾರಿ ಈಗ ತೆರೆದಿದೆ. ರಾತ್ರಿ ಅಲ್ಲಿ ತೆಗೆದ ಚಿತ್ರಗಳು ಹಗಲು ಇಲ್ಲಿಗೆ ಬಂದು ತಲುಪುತ್ತವೆ, ಮತ್ತು ಸಾಮಾನ್ಯವಾಗಿ ತಾರಸಿಯಿಂದ ತೆಗೆದವುಗಳಿಗಿಂತ ಚೆನ್ನಾಗಿಯೇ ಇರುತ್ತವೆ. ಪಾಯ ತೋಡಿ ಎಬ್ಬಿಸಿದ ಮನೆಯ ಪಿಯರ್‌ಗೆ ಆಮೇಲೆ ಉಳಿಯುವುದು ದೀಪದ ಹಂಗಿಲ್ಲದ ಚಂದ್ರ, ಗುರು, ಶನಿಗಳು.