ಈಸ್ಟ್ ಕೋಶದೊಳಗಿನ ಹಗೇವು

ಮಳೆ ನಂಬಿ ಬದುಕುವ ಚಿತ್ರದುರ್ಗ ಸೀಮೆಯಲ್ಲಿ ಹಿರಿಯರನ್ನು ಮಾತಿಗೆಳೆದರೆ ಹಗೇವಿನ ಸುದ್ದಿ ಬರುತ್ತದೆ. ಸುಗ್ಗಿಯ ರಾಗಿ, ಜೋಳವನ್ನು ನೆಲದಡಿಯ ಗುಂಡಿಗೆ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬರ ಬಿದ್ದ ವರ್ಷ ತೆಗೆಯುತ್ತಿದ್ದರು. ಹಿರಿಯೂರಿನ ಬೇಕರಿಯಲ್ಲಿ ಬನ್ನಿನ ಹಿಟ್ಟು ಉಬ್ಬಿಸುವ ಈಸ್ಟಿಗೂ ಇಂಥದೊಂದು ಹಗೇವು ಇದೆ. ಒಂದೇ ವ್ಯತ್ಯಾಸ: ಅದು ಕಷ್ಟ ಬಂದಾಗ ತುಂಬುತ್ತದೆ, ಕಷ್ಟ ಕಳೆದ ಮೇಲೆ ತೆರೆಯುತ್ತದೆ.

ಅಲ್ಲಿ ಕೂಡಿಡುವುದು ಕಾಳನ್ನಲ್ಲ, ಓಲೆಗಳನ್ನು. ಈಸ್ಟಿನ ಡಿಎನ್‌ಎಯಲ್ಲಿ ಸುಮಾರು 6,000 ಜೀನ್‌ಗಳಿವೆ. ಅದರ ಪೂರ್ಣ ಓದು 1996ರಲ್ಲೇ ಮುಗಿಯಿತು. ಯಾವ ಪ್ರೋಟೀನ್ ಬೇಕೋ ಅದರ ಜೀನ್‌ನಿಂದ ಒಂದು ಎಂಆರ್‌ಎನ್‌ಎ ಪ್ರತಿ ಹೊರಡುತ್ತದೆ. ರೈಬೋಸೋಮ್ ಆ ಓಲೆಯನ್ನು ಓದಿ ಪ್ರೋಟೀನ್ ಹೆಣೆಯುತ್ತದೆ. ಆದರೆ ಓಲೆ ಎಂದೂ ಒಂಟಿಯಾಗಿ ತಿರುಗುವುದಿಲ್ಲ. ಹುಟ್ಟಿದ ಗಳಿಗೆಯಿಂದಲೇ ಕೆಲವು ಪ್ರೋಟೀನ್‌ಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಓದಿಸಬೇಕೋ, ಮುಚ್ಚಿಡಬೇಕೋ, ಹರಿದು ಹಾಕಬೇಕೋ ಎಂಬ ತೀರ್ಮಾನದಲ್ಲಿ ಇವುಗಳ ಪಾತ್ರ ದೊಡ್ಡದು. ಇವೇ ಆರ್‌ಎನ್‌ಎ ಬಂಧಕ ಪ್ರೋಟೀನ್‌ಗಳು.

ಕೋಶಕ್ಕೆ ರಾಸಾಯನಿಕದ ಪೆಟ್ಟು ಬಿದ್ದಾಗ ಇವುಗಳ ಕೆಲಸ ಎದ್ದು ಕಾಣುತ್ತದೆ. ಪ್ರೋಟೀನ್ ಹೆಣೆಯುವುದು ಬಹಳ ಖರ್ಚಿನ ಕೆಲಸ. ಹಾಗಾಗಿ ಹೈಡ್ರೋಜನ್ ಪೆರಾಕ್ಸೈಡ್‌ನಂಥ ವಿಷ ಹೆಚ್ಚಾದರೆ ಈಸ್ಟ್ ಮೊದಲು ಆ ಖರ್ಚಿಗೆ ಕಡಿವಾಣ ಹಾಕುತ್ತದೆ. ಪೆರಾಕ್ಸೈಡನ್ನು ಒಡೆಯುವ ಕೆಟಲೇಸ್‌ನಂಥ ತುರ್ತು ಪ್ರೋಟೀನ್‌ಗಳಿಗಷ್ಟೇ ಆದ್ಯತೆ. ಮಿಕ್ಕ ಓಲೆಗಳಲ್ಲಿ ಹಲವು, ಬಂಧಕ ಪ್ರೋಟೀನ್‌ಗಳ ಜೊತೆ ಸೇರಿ ಕೋಶರಸದಲ್ಲಿ ಹನಿಹನಿಯಾಗಿ ಮುದ್ದೆಗಟ್ಟುತ್ತವೆ. ಇಂಥ ಮುದ್ದೆಗಳಲ್ಲಿ ಒಂದು ಬಗೆಗೆ ‘ಪಿ-ಬಾಡಿ’ ಎಂದು ಹೆಸರು. ಓಲೆಗಳನ್ನು ನಾಶಮಾಡುವ ಜಾಗ ಎಂದೇ 2003ರಲ್ಲಿ ಉಜ್ವಲ್ ಶೇಠ್ ಮತ್ತು ರಾಯ್ ಪಾರ್ಕರ್ ಇವನ್ನು ಗುರುತಿಸಿದ್ದರು. ಅಲ್ಲಿಂದ ಕೆಲವು ಓಲೆಗಳು ಮರಳಿ ಓದಿಗೆ ಬರುತ್ತವೆ ಎಂಬುದು ಆಮೇಲೆ ತಿಳಿಯಿತು. ಹಗೇವಿನಲ್ಲೂ ಅಷ್ಟೇ ಅಲ್ಲವೇ? ಒಂದಷ್ಟು ಕಾಳು ಮುಗ್ಗಿದರೂ ಉಳಿದದ್ದು ಊಟಕ್ಕೆ ಒದಗುತ್ತಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪುರುಷಾರ್ಥ್ ರಾಜ್ಯಗುರು ಅವರ ತಂಡ ಇದನ್ನೇ ಬೆನ್ನುಹತ್ತಿದೆ. ಅವರಿಗೆ ಮುಖ್ಯವಾದವು ಎಸ್‌ಸಿಡಿ6 ಮತ್ತು ಎಸ್‌ಬಿಪಿ1 ಎಂಬ ಎರಡು ಪ್ರೋಟೀನ್‌ಗಳು. ಎರಡರಲ್ಲೂ ಅರ್ಜಿನೀನ್-ಗ್ಲೈಸೀನ್-ಗ್ಲೈಸೀನ್ ಎಂಬ ಮೂರು ಅಮೈನೋ ಆಮ್ಲದ ಮಣಿಗಳ ಸರಣಿ ಮತ್ತೆ ಮತ್ತೆ ಬರುತ್ತದೆ. ರೈಬೋಸೋಮನ್ನು ಓಲೆಯ ಬಳಿಗೆ ಕರೆತರಲು ಇಐಎಫ್4ಜಿ ಎಂಬ ಪ್ರೋಟೀನ್ ಬೇಕು. ಎಸ್‌ಸಿಡಿ6 ಹೋಗಿ ಆ ಇಐಎಫ್4ಜಿಯನ್ನೇ ಹಿಡಿದು ಓದನ್ನು ತಡೆಯುತ್ತದೆ ಎಂದು ಅವರು ಪಾರ್ಕರ್ ಜೊತೆಗೂಡಿ 2012ರಲ್ಲಿ ತೋರಿಸಿದರು. ಎಲ್ಲ ಓಲೆಗಳನ್ನೂ ಅಟ್ಟಾಡಿಸುವ ಬದಲು ಬಾಗಿಲಲ್ಲೇ ನಿಲ್ಲುವ ಈ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು.

ಅವರು ಬಳಸಿರುವ ರಾಸಾಯನಿಕಗಳಲ್ಲಿ ಒಂದು ಹೈಡ್ರಾಕ್ಸಿಯೂರಿಯಾ. ಇದು ಡಿಎನ್‌ಎ ಕಟ್ಟುವ ಇಟ್ಟಿಗೆಗಳ ತಯಾರಿಯನ್ನೇ ತಡೆಯುತ್ತದೆ. ಡಿಎನ್‌ಎ ನಕಲು ನಡುದಾರಿಯಲ್ಲಿ ನಿಲ್ಲುತ್ತದೆ. ಆಗ ಈಸ್ಟಿನಲ್ಲಿ ಈ ಎರಡೂ ಪ್ರೋಟೀನ್‌ಗಳು ಚುಕ್ಕಿಚುಕ್ಕಿಯಾಗಿ ಒಟ್ಟುಗೂಡುತ್ತವೆ. ಕುಡುಗೋಲು ಕಣ ರಕ್ತಹೀನತೆಗೂ ಕೆಲವು ಬಗೆಯ ರಕ್ತದ ಕ್ಯಾನ್ಸರಿಗೂ ವೈದ್ಯರು ಬರೆಯುವ ಮಾತ್ರೆ ಇದೇ ಹೈಡ್ರಾಕ್ಸಿಯೂರಿಯಾ. ಎಸ್‌ಸಿಡಿ6ರ ದಾಯಾದಿ ಪ್ರೋಟೀನ್ ಎಲ್‌ಎಸ್‌ಎಂ14ಎ ನಮ್ಮ ಜೀವಕೋಶಗಳಲ್ಲೂ ಇದೆ. ಬನ್ನಿನ ಹಿಟ್ಟಿನ ಜೀವಿಯನ್ನು ಇಷ್ಟು ಆಸ್ಥೆಯಿಂದ ನೋಡುವುದು ಇದಕ್ಕೇ.

ಇದೇ ಸಂಸ್ಥೆಯ ಎರಡನೇ ಆವರಣ ನಮ್ಮ ಜಿಲ್ಲೆಯ ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿದೆ. ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಪಿ-ಬಾಡಿಯನ್ನು ಕಾಣಲು ಹೊಳೆಯುವ ಪ್ರೋಟೀನಿನ ಗುರುತೂ ವಿಶೇಷ ಸೂಕ್ಷ್ಮದರ್ಶಕವೂ ಬೇಕು, ನಿಜ. ಈಸ್ಟನ್ನು ಕಾಣಲು ಅಷ್ಟೆಲ್ಲ ಬೇಡ. ಹೊಸದುರ್ಗ, ಹೊಳಲ್ಕೆರೆಯ ಕಾಲೇಜು ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಒಂದು ಚಿಟಿಕೆ ಈಸ್ಟ್ ಹಾಕಿ, ಅರ್ಧ ಗಂಟೆ ಬಿಟ್ಟು ಒಂದು ಹನಿಯನ್ನು 400 ಪಟ್ಟು ಹಿಗ್ಗಿಸಿ ಮಕ್ಕಳಿಗೆ ತೋರಿಸಿ.